ಒಂದೇ ಪೆಟ್ಟಿಗೆಯ ಡಿಜೆ

ಬೆಳಿಗ್ಗೆ ಎಂಟಕ್ಕೆ ಧಡಂನ ಕೈಯಿಂದ ಹಲ್ಲುಜ್ಜುವ ಬ್ರಷ್ ಜಾರಿ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವನು ಬಗ್ಗಿದಂತೆಯೇ ಉಳಿದುಬಿಟ್ಟ.

"ಏನ್ರೀ ಹುಡುಕ್ತಿದೀರಿ?" ಎಂದಳು ಹೆಂಡತಿ, ಬಾಗಿಲಲ್ಲಿ ನಿಂತು.

"ನನ್ನ ಯೌವನ," ಎಂದ ಧಡಂ, ನೆಲವನ್ನೇ ನೋಡುತ್ತ. "ಇಲ್ಲೇ ಎಲ್ಲೋ ಬಿದ್ದಿರಬೇಕು."

ಧಡಂ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಇಪ್ಪತ್ತು ವರ್ಷಗಳಿಂದ ಅವನು ಮದುವೆ, ಹುಟ್ಟುಹಬ್ಬ, ಅಂಗಡಿ ಉದ್ಘಾಟನೆಗಳಿಗೆ ಹೋಗಿ ಹಾಡು ಹಾಕಿ ಜನರನ್ನು ಕುಣಿಸುವ ಡಿಜೆ. ತನ್ನ ಸಂಗೀತ ಕೇಳಿ ಜನ ಆ ಹೆಸರಿಟ್ಟರು ಎಂದು ಹೊಸಬರಿಗೆ ಹೇಳುತ್ತಿದ್ದ. ನಿಜ ಸಂಗತಿ ಬೇರೆ. ಮನೆಯ ಮೆಟ್ಟಿಲ ಬುಡದಲ್ಲಿ ಅವನು ಸ್ಪೀಕರ್ ಇಳಿಸುವಾಗ ಆಗುತ್ತಿದ್ದ ಸದ್ದಿಗೆ ಕೆಳಮನೆಯವರು ಇಟ್ಟ ಹೆಸರು ಅದು. ಎರಡು ಪ್ಲೇಯರ್, ಹಾಡು ಬೆರೆಸುವ ಒಂದು ಮಿಕ್ಸರ್, ಲ್ಯಾಪ್‌ಟಾಪ್, ಆಂಪ್ಲಿಫೈಯರ್, ಆಳೆತ್ತರದ ಎರಡು ಸ್ಪೀಕರ್, ಹಾವಾಡಿಗನ ಬುಟ್ಟಿಯಂತೆ ಸುರುಳಿ ಸುತ್ತಿದ ವೈರುಗಳ ಚೀಲ. ಜನ ಎರಡು ಗಂಟೆ ಕುಣಿಯಬೇಕಾದರೆ ಇವನು ನಾಲ್ಕು ಗಂಟೆ ಹೊರಬೇಕು. "ನಾನೆಲ್ಲಿಯ ಡಿಜೆ? ಹಾಡು ಗೊತ್ತಿರೋ ಹಮಾಲಿ," ಎಂದು ಅವನೇ ಹೇಳಿಕೊಳ್ಳುತ್ತಿದ್ದ.

ಹೆಂಡತಿ ಅವನನ್ನು ಗೋಡೆಗೆ ಒರಗಿಸಿ, ತುಕ್ಕು ಹಿಡಿದ ಕೊಡೆಯನ್ನು ಬಿಚ್ಚುವ ಹಾಗೆ ಮೆಲ್ಲಮೆಲ್ಲಗೆ ನೆಟ್ಟಗೆ ಮಾಡಿದಳು.

"ಇವತ್ತೇ ಹೋಗಿ. ಎಲ್ಲಾ ಒಂದರಲ್ಲೇ ಇರೋ ಪೆಟ್ಟಿಗೆ ಬಂದಿದೆ ಅಂತ ಆರು ತಿಂಗಳಿಂದ ಹೇಳ್ತಾನೇ ಇದೀರಿ. ಅದನ್ನ ತನ್ನಿ. ಇಲ್ಲಾಂದ್ರೆ ಈ ಕೆಲಸ ಬಿಟ್ಟು ನನ್ನ ತಮ್ಮನ ಟೈಲ್ಸ್ ಅಂಗಡೀಲಿ ಕೂತ್ಕೊಳ್ಳಿ."

ಟೈಲ್ಸ್ ಅಂಗಡಿಯ ಹೆಸರು ಕೇಳುತ್ತಲೇ ಧಡಂನ ಸೊಂಟದಲ್ಲಿ ಉಳಿದಿದ್ದ ಕೊನೆಯ ಡೊಂಕೂ ನೆಟ್ಟಗಾಯಿತು. ಮಧ್ಯಾಹ್ನ ಮೂರಕ್ಕೆ ಗ್ರಂಥಾಲಯದಲ್ಲಿ ಒಂದು ಬೀಳ್ಕೊಡುಗೆ ಸಮಾರಂಭವಿತ್ತು. ಅಷ್ಟರೊಳಗೆ ಪೆಟ್ಟಿಗೆ ಕೊಳ್ಳುವುದೆಂದು ಹೊರಟ.

ಹೊರಟವನ ಜೊತೆಗೆ ಭಾವಮೈದನೂ ಹೊರಟ. "ವಸ್ತು ಆರಿಸೋದು ನನಗೆ ಬಿಡಿ ಭಾವ. ನಾನು ದಿನಾ ಆರಿಸೋನು," ಎಂದ. ಅವನು ದಿನಾ ಆರಿಸುತ್ತಿದ್ದದ್ದು ಬಚ್ಚಲುಮನೆಯ ಟೈಲ್ಸು.

ಸೌಂಡ್ ಸಾಮಾನಿನ ಅಂಗಡಿಯಾಕೆ ಮೂರು ಯಂತ್ರಗಳನ್ನು ಮುಂದಿಟ್ಟಳು. ಮೂರಕ್ಕೂ ಎಡಬಲಕ್ಕೆ ಒಂದೊಂದು ತಿರುಗುಚಕ್ರ, ನಡುವೆ ಮಿಕ್ಸರ್, ಮೇಲೊಂದು ಪುಟ್ಟ ಪರದೆ. "ಲ್ಯಾಪ್‌ಟಾಪ್ ಬೇಡ ಸರ್. ಪೆನ್‌ಡ್ರೈವ್ ಸಿಕ್ಕಿಸಿದ್ರೆ ಆಯ್ತು," ಎಂದಳು.

ಮೊದಲನೆಯದು ಊಟದ ಮೇಜಿನಷ್ಟಿತ್ತು. ಭಾವಮೈದ ಅದಕ್ಕೇ ಮನಸೋತ. "ಇದೇ ಇರಲಿ ಭಾವ, ಗತ್ತು ಇದೆ!"

"ಗತ್ತು ಹೊರೋದು ನಾನಲ್ವೇನೋ?"

ಎರಡನೆಯದು ಎಷ್ಟು ಚಿಕ್ಕದೆಂದರೆ ಧಡಂ ಒಂದು ಗುಂಡಿ ಒತ್ತಲು ಹೋದರೆ ಅವನ ಹೆಬ್ಬೆರಳು ಮೂರನ್ನು ಒತ್ತುತ್ತಿತ್ತು. ಮೂರನೆಯದು ಸೂಟ್‌ಕೇಸಿನ ಅಳತೆಯದು. ಸ್ಪೀಕರು, ಬ್ಯಾಟರಿ, ಮೈಕು ಎಲ್ಲ ಅದರ ಹೊಟ್ಟೆಯೊಳಗೇ ಇದ್ದವು.

ಧಡಂ ಹಾಡು ಹಾಕಿಸಿ ಕೇಳಲಿಲ್ಲ. ಪೆಟ್ಟಿಗೆಯನ್ನು ಎತ್ತಿದ, ಇಳಿಸಿದ. ಮತ್ತೆ ಎತ್ತಿಕೊಂಡು ಅಂಗಡಿಯ ಮೆಟ್ಟಿಲು ಹತ್ತಿ ಇಳಿದ.

"ಸೌಂಡ್ ಕೇಳಲ್ವಾ ಸರ್?"

"ಬೇರೆಯವರು ಕಿವಿಯಿಂದ ಆರಿಸ್ತಾರಮ್ಮ. ನಾನು ಸೊಂಟದಿಂದ ಆರಿಸ್ತಿದೀನಿ. ಸೊಂಟಕ್ಕೆ ಒಪ್ಪಿಗೆಯಾಗಿದೆ."

ಅಷ್ಟರಲ್ಲಿ ಭಾವಮೈದ ಪ್ರದರ್ಶನಕ್ಕಿಟ್ಟಿದ್ದ ಯಂತ್ರದ ಕೆಂಪು ಗುಂಡಿಯೊಂದನ್ನು ಒತ್ತಿದ. ಹಡಗು ದಡ ಬಿಡುವಂಥ ಕೂಗು ಎದ್ದಿತು. ಪಕ್ಕದ ಕನ್ನಡಕದಂಗಡಿಯಿಂದ ಒಬ್ಬರು ಅರ್ಧ ಕನ್ನಡಕ ಹಾಕಿಕೊಂಡೇ ಓಡಿಬಂದರು. ಅದನ್ನು ನಿಲ್ಲಿಸುವ ಗುಂಡಿ ಹುಡುಕುತ್ತ ಭಾವಮೈದ ಇನ್ನೂ ನಾಲ್ಕು ಸದ್ದು ಹೊರಡಿಸಿದ. ಅಂಗಡಿಯಾಕೆ ಕೈಮುಗಿದು, "ಸರ್, ಬೇಗ ಒಂದು ತಗೊಂಡು ಹೋಗ್ಬಿಡಿ," ಎಂದಳು. ಧಡಂ ಮೂರನೆಯದನ್ನು ತಗೊಂಡು ಹೋಗಿಬಿಟ್ಟ.

ಗ್ರಂಥಾಲಯದ ಬಾಗಿಲಲ್ಲಿ ಸಮಾರಂಭದ ಕಾರ್ಯದರ್ಶಿ ಕೈಗಡಿಯಾರ ನೋಡುತ್ತ ನಿಂತಿದ್ದ. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈಯನ್ನು ಜೇಬಿಗೆ ಹಾಕಿಕೊಂಡು, ಜೀವಮಾನದಲ್ಲೇ ಮೊದಲ ಸಲ ಶಿಳ್ಳೆ ಹಾಕುತ್ತ ಕೆಲಸಕ್ಕೆ ಬಂದ ಧಡಂ.

"ಡಿಜೆ ಎಲ್ಲಿ?" ಎಂದ ಕಾರ್ಯದರ್ಶಿ.

"ನಾನೇ."

"ಸಾಮಾನು?"

"ಇದೇ."

"ಇದಾ? ನಮ್ಮನೆ ಇಸ್ತ್ರಿಪೆಟ್ಟಿಗೇನೇ ಇದಕ್ಕಿಂತ ದೊಡ್ಡದಿದೆಯಲ್ರೀ!"

ಧಡಂ ಪೆಟ್ಟಿಗೆಯನ್ನು ವೇದಿಕೆಯ ಮೇಜಿನ ಮೇಲೆ, ಹೂಗುಚ್ಛಗಳ ಪಕ್ಕದಲ್ಲಿಟ್ಟು ಗುಂಡಿ ಒತ್ತಿದ. ಸಣ್ಣಗೆ, ಇಂಪಾಗಿ ಹಾಡು ಬಂತು. ವೈರಿಲ್ಲ, ಬೆವರಿಲ್ಲ. ಎರಡು ನಿಮಿಷದಲ್ಲಿ ಕೆಲಸ ಮುಗಿಯಿತು. ಯಂತ್ರಕ್ಕೆ ಗೀರು ಬೀಳದಿರಲೆಂದು ಮೈಮೇಲಿನ ಹೊಳೆಯುವ ಪ್ಲಾಸ್ಟಿಕ್ ಹಾಳೆಯನ್ನು ಅವನು ಹಾಗೇ ಬಿಟ್ಟಿದ್ದ.

ಕೆಲಸ ಮುಗಿದದ್ದೇ ತಪ್ಪಾಯಿತು. ಹಿಂದೆಲ್ಲ ಸಮಾರಂಭ ಶುರುವಾಗುವ ಹೊತ್ತಿಗೆ ಅವನು ವೈರುಗಳ ನಡುವೆ ನಾಲ್ಕು ಕಾಲಲ್ಲಿ ತೆವಳುತ್ತಿರುತ್ತಿದ್ದ, ಯಾರೂ ಮಾತಾಡಿಸುತ್ತಿರಲಿಲ್ಲ. ಈಗ ಕೈಕಟ್ಟಿ ನಿಂತವನನ್ನು ಕಂಡು ಕಾರ್ಯದರ್ಶಿಯ ಕಣ್ಣು ಅರಳಿತು.

"ನಿಮಗೀಗ ಕೆಲಸ ಇಲ್ವಲ್ಲ? ಆ ಕುರ್ಚಿಗಳನ್ನ ಸ್ವಲ್ಪ ಈ ಕಡೆ ಹಾಕ್ತೀರಾ?"

ಧಡಂ ಕುರ್ಚಿ ಹಾಕಿದ. ನೀರಿನ ಕ್ಯಾನು ಹೊತ್ತ. ಭಾಷಣದ ಪೀಠವನ್ನು ಎಡಕ್ಕೆ ಸರಿಸಿದ, "ಮೊದಲೇ ಚೆನ್ನಾಗಿತ್ತು" ಎಂದು ಯಾರೋ ಅಂದರೆಂದು ಬಲಕ್ಕೆ ಸರಿಸಿದ. ಸಮಾರಂಭ ಶುರುವಾದಾಗ ಅವನು ವೇದಿಕೆಯ ಬದಿಯ ಏಣಿಯ ಮೇಲೆ, ಜೋತುಬಿದ್ದ ಬ್ಯಾನರಿನ ಮೂಲೆ ಹಿಡಿದುಕೊಂಡು, ತುಟಿಗಳ ನಡುವೆ ಆರು ಗುಂಡುಸೂಜಿ ಕಚ್ಚಿಕೊಂಡು ನಿಂತಿದ್ದ. "ಕೈ ಬಿಡಬೇಡಿ, ಬಿಟ್ರೆ ಮೇಡಂ ತಲೆ ಮೇಲೇ ಬೀಳುತ್ತೆ," ಎಂದು ಹೇಳಿ ಕಾರ್ಯದರ್ಶಿ ಮಾಯವಾಗಿದ್ದ.

ಮೇಡಂ ಎಂದರೆ ಅಂದು ನಿವೃತ್ತರಾಗುತ್ತಿದ್ದ ಮುಖ್ಯ ಗ್ರಂಥಪಾಲಕಿ. ಕಡ್ಡಿಯಂತೆ ನೆಟ್ಟಗೆ ಕೂತಿದ್ದರು. ಮುಖ್ಯ ಅತಿಥಿಗಳು ಗ್ರಂಥಾಲಯಕ್ಕೆ ಕಟ್ಟಡ ಕಟ್ಟಿಸಿಕೊಟ್ಟ ದಾನಿಯೊಬ್ಬರು. ಅವರಿಗೆ ಬೇರೆಲ್ಲೋ ಹೋಗುವ ಅವಸರ. ಭಾಷಣವನ್ನು ಎರಡೇ ವಾಕ್ಯದಲ್ಲಿ ಮುಗಿಸಿ, "ಎಲ್ಲಿ, ಉಡುಗೊರೆ?" ಎಂದರು.

ಸಭೆಯಲ್ಲಿ ಪಿಸುಮಾತು. ಉಡುಗೊರೆ ಹೊತ್ತ ಗಾಡಿ ಇನ್ನೂ ಬಂದಿರಲಿಲ್ಲ. ಕಾರ್ಯದರ್ಶಿ ಅದನ್ನು ನೋಡಲು ಬೀದಿಗೆ ಓಡಿದ್ದ. ಅತಿಥಿಗಳು ಮೇಜಿನತ್ತ ತಿರುಗಿದರು. ಹೂಗುಚ್ಛಗಳ ನಡುವೆ ಹೊಚ್ಚಹೊಸ ಪೆಟ್ಟಿಗೆಯೊಂದು ಪ್ಲಾಸ್ಟಿಕ್ಕಿನಲ್ಲಿ ಮಿಂಚುತ್ತಿತ್ತು.

"ಓಹೋ, ಇಲ್ಲೇ ಇದೆಯಲ್ಲ!"

"ಮ್ಮ್! ಮ್ಮ್‌ಮ್ಮ್!" ಎಂದ ಧಡಂ ಏಣಿಯ ಮೇಲಿಂದ. ಬಾಯಿ ತೆರೆದರೆ ಸೂಜಿ ಗಂಟಲಿಗೆ, ಕೈ ಬಿಟ್ಟರೆ ಬ್ಯಾನರು ಮೇಡಂ ತಲೆಗೆ.

"ನೋಡಿ, ಮೇಲಿರೋರಿಗೂ ಎಷ್ಟು ಸಂತೋಷ!" ಎಂದು ಅತಿಥಿಗಳು ಪೆಟ್ಟಿಗೆಯನ್ನೆತ್ತಿ ಗ್ರಂಥಪಾಲಕಿಯ ಕೈಗಿತ್ತರು. ಚಪ್ಪಾಳೆ ಬಿತ್ತು. ಕ್ಯಾಮೆರಾ ಮಿಂಚಿತು.

ಗ್ರಂಥಪಾಲಕಿ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡರು. ಆಮೇಲೆ ಅಂಜುತ್ತ ಒಂದು ಬೆರಳಿನಿಂದ ಚಕ್ರ ತಿರುಗಿಸಿದರು. 'ವಿಕಿವಿಕಿ' ಎಂದಿತು ಪೆಟ್ಟಿಗೆ. ಅವರ ಮುಖ ಬೆಳಗಿತು. ಇನ್ನೊಂದು ಸಲ ತಿರುಗಿಸಿದರು. ಆಮೇಲೆ ಮೈಕು ಹಿಡಿದರು.

"ಮೂವತ್ತೆಂಟು ವರ್ಷ," ಎಂದರು. "ಮೂವತ್ತೆಂಟು ವರ್ಷ ಈ ಬಾಯಲ್ಲಿ 'ಶ್‌' ಅನ್ನೋದು ಬಿಟ್ಟು ಬೇರೆ ಮಾತೇ ಬಂದಿಲ್ಲ. ಮನೆಗೆ ಹೋದ್ರೂ ಮಿಕ್ಸಿಗೆ 'ಶ್‌' ಅಂತಿದ್ದೆ. ಒಂದೇ ಒಂದು ದಿನ ಜೋರಾಗಿ ಹಾಡು ಹಾಕ್ಬೇಕು ಅಂತ ಎಷ್ಟು ಆಸೆ ಇತ್ತು ಗೊತ್ತಾ? ಯಾರಿಗೂ ಹೇಳಿರ್ಲಿಲ್ಲ. ನಿಮಗೆ ಹೇಗೆ ತಿಳೀತು?" ಕಣ್ಣೊರೆಸಿಕೊಂಡರು. "ಇದನ್ನ ಆರಿಸಿದ್ದು ಯಾರು?"

ಆಗಷ್ಟೇ ಒಳಗೆ ಬಂದಿದ್ದ ಕಾರ್ಯದರ್ಶಿಯ ಮುಖ ಸುಣ್ಣ ಬಳಿದಂತಾಯಿತು. ಅವನು ಏಣಿಯತ್ತ ಬೆರಳು ತೋರಿಸಿ, "ಅವರೇ ಮೇಡಂ," ಎಂದ. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಧಡಂ ಸೂಜಿಗಳನ್ನು ಬ್ಯಾನರಿಗೆ ಚುಚ್ಚಿ ಇಳಿದು ಬಂದ. ಬಾಯಿ ಖಾಲಿಯಾಗಿತ್ತು, ಮಾತು ತಯಾರಾಗಿತ್ತು. 'ಕ್ಷಮಿಸಿ ಮೇಡಂ, ಇದು ನನ್ನದು.' ಬರೀ ನಾಲ್ಕು ಪದ. ಗ್ರಂಥಪಾಲಕಿ ಅವನ ಎರಡೂ ಕೈ ಹಿಡಿದುಕೊಂಡು, "ನನಗೆ ಸ್ವಂತ ತಮ್ಮ ಇದ್ದಿದ್ರೂ ಇಂಥಾದ್ದು ಆರಿಸ್ತಿರ್ಲಿಲ್ಲಪ್ಪ," ಎಂದರು.

"ಎಡಗಡೆ ಗುಂಡಿ ಒತ್ತಿದ್ರೆ ಹಾಡು ತಾನೇ ಬದಲಾಗುತ್ತೆ ಮೇಡಂ," ಎಂದಿತು ಧಡಂನ ಬಾಯಿ. ತನ್ನ ಬಾಯಿಯ ಯೋಗ್ಯತೆ ಅವನಿಗೆ ಮೊದಲಿನಿಂದಲೂ ಗೊತ್ತಿತ್ತು.

ಅರ್ಧ ಗಂಟೆ ಆಕೆಗೆ ಪಾಠ ಮಾಡಿದ. ಆಕೆ ಬಲು ಬೇಗ ಕಲಿತರು, ಸಂದೇಹ ಬಂದರೆ ಕೇಳಲೆಂದು ಅವನ ಫೋನ್ ನಂಬರನ್ನೂ ಬರೆದುಕೊಂಡರು. ಅವಸರವಿದ್ದ ಅತಿಥಿಗಳು ಅವಸರ ಮರೆತು ಎರಡು ಹಾಡಿಗೆ ಕುಣಿದರು. ಓದುವ ಕೋಣೆಯ ಗಾಜುಗಳು ಮೊದಲ ಸಲ ಗಡಗಡ ನಡುಗಿದವು.

ಆಗ ಗಾಡಿ ಬಂತು. ನಾಲ್ಕು ಜನ ಏದುಸಿರು ಬಿಡುತ್ತ ನಿಜವಾದ ಉಡುಗೊರೆಯನ್ನು ಇಳಿಸಿದರು: ನಾಲ್ಕು ಬಾಗಿಲಿನ, ತೇಗದ ಮರದ ಪುಸ್ತಕದ ಬೀರು.

ಗ್ರಂಥಪಾಲಕಿ ಅದನ್ನು ನೋಡಿ ಬೆಚ್ಚಿದರು. "ಯಾರದಪ್ಪ ಅದು? ನನಗಂತೂ ಪುಸ್ತಕದ ಬೀರು ಕಂಡ್ರೆ ತಲೆ ತಿರುಗುತ್ತೆ. ದೂರ ಇಡಿ."

ಕಾರ್ಯದರ್ಶಿ ಧಡಂನನ್ನು ಮೂಲೆಗೆ ಎಳೆದುಕೊಂಡು ಹೋದ. "ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ. ಆಯಮ್ಮನ ಕೈಯಿಂದ ಈಗ ಅದನ್ನ ಕಿತ್ಕೊಳ್ಳೋಕಾಗುತ್ತಾ? ಬೀರು ಅದಕ್ಕಿಂತ ಬೆಲೆಬಾಳುತ್ತೆ, ಗಟ್ಟಿ ತೇಗ. ನೀವೇ ಇಟ್ಕೊಳ್ಳಿ."

"ನನ್ನತ್ರ ಇರೋದು ಮೂರೇ ಪುಸ್ತಕ ಸ್ವಾಮಿ. ಅದರಲ್ಲಿ ಎರಡು ಟಿವಿ ಜೊತೆ ಬಂದಿದ್ದು."

ಅಷ್ಟು ಹೇಳಿ ಬೀರುವಿನ ಒಂದು ತುದಿ ಹಿಡಿದುಕೊಂಡ. ಇನ್ನೇನು ಮಾಡುತ್ತಾನೆ!

ಸಂಜೆ ಆರಕ್ಕೆ ಬೀರು ಅವನ ಮನೆಯ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಮೇಲಿಂದ ಭಾವಮೈದ, "ಸ್ವಲ್ಪ ಓರೆ ಮಾಡಿ ಭಾವ, ನಾನು ದಿನಾ ಸಾಗಿಸೋನು," ಎಂದು ಬರೀ ಬಾಯಲ್ಲೇ ಎತ್ತುತ್ತಿದ್ದ. ಕೆಳಮನೆಯವರು ಬಾಗಿಲಿಗೆ ಬಂದು ಆಚೆ ಹೋಗಲಾರದೆ ನಿಂತಿದ್ದರು. ಬೀರುವನ್ನು ಬೆನ್ನಿನಿಂದ ತಡೆದು ಕಪ್ಪೆಯಂತೆ ಕುಕ್ಕರಿಸಿದ್ದ ಧಡಂನ ಜೇಬಿನಲ್ಲಿ ಫೋನು ರಿಂಗಣಿಸಿತು. ಗ್ರಂಥಪಾಲಕಿ.

"ತಮ್ಮಾ, ಒಂದು ಸಂತೋಷದ ಸುದ್ದಿ! ಇವತ್ತು ಬಂದಿದ್ರಲ್ಲ ಅತಿಥಿಗಳು, ಭಾನುವಾರ ಅವರ ಮಗಳ ಮದುವೆಯಂತೆ. ನಾನೇ ಬಂದು ಹಾಡು ಹಾಕ್ಬೇಕು ಅಂತ ಹಟ ಹಿಡಿದಿದಾರೆ. ಒಪ್ಕೊಂಡ್ಬಿಟ್ಟೆ!"

"ಒಳ್ಳೇದು ಮೇಡಂ," ಎಂದ ಧಡಂ, ಉಸಿರು ಬಿಗಿಹಿಡಿದು.

"ಆದ್ರೆ ಹಾಲ್ ದೊಡ್ಡದಂತೆ, ಈ ಪುಟ್ಟ ಪೆಟ್ಟಿಗೆ ಸದ್ದು ಸಾಲಲ್ಲ. ದೊಡ್ಡ ಸ್ಪೀಕರ್ ಎರಡು ಬೇಕಾಗುತ್ತೆ. ನನ್ನ ಕೈಲಿ ಹೊರೋಕಾಗಲ್ಲ. ನೀವು ಏಣಿ ಹತ್ತಿದ್ದು, ಕುರ್ಚಿ ಹೊತ್ತಿದ್ದು ಎಲ್ಲಾ ನೋಡಿದೆ. ಒಳ್ಳೇ ಗಟ್ಟಿ ಆಳು. ನನ್ನ ಜೊತೆ ಸಹಾಯಕ್ಕೆ ಬರ್ತೀರಾ?"

ಮೇಲಿಂದ ಭಾವಮೈದ ಬೀರುವನ್ನು ಇನ್ನೊಂದಿಷ್ಟು ಓರೆ ಮಾಡಿದ. ಪೂರ್ತಿ ಭಾರ ಧಡಂನ ಬೆನ್ನಿಗೆ ಬಂತು. ಅವನು ಕಣ್ಣು ಮುಚ್ಚಿಕೊಂಡು ಕೇಳಿದ:

"ಹಾಲ್ ಎಷ್ಟನೇ ಮಹಡಿ ಮೇಡಂ?"