ಅಪ್‌ಡೇಟ್ ಆಗುವ ತನಕದ ಮದುವೆ

ನಮ್ಮ ವಿವಾಹ ನೋಂದಣಿ ಕಚೇರಿಯಲ್ಲಿ ಇರುವುದು ಒಂದೇ ಕಂಪ್ಯೂಟರ್, ಮತ್ತು ಅದರ ಬಗ್ಗೆ ನಿರ್ಧಾರ ತೆಗೆದುಕೊಳ್ಳುವ ಅಧಿಕಾರ ಯಾರಿಗೂ ಇಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸುತ್ತಿದ್ದೇನೆ, ಏಕೆಂದರೆ ಹೊರಗೆ ಜನ ಬಾಯಿಗೆ ಬಂದ ಹಾಗೆ ಮಾತಾಡುತ್ತಿದ್ದಾರೆ. ನಾನಿಲ್ಲಿ ಇಪ್ಪತ್ತಾರು ವರ್ಷದಿಂದ ಗುಮಾಸ್ತ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಒಂದು ಮಂಗಳವಾರ ಬೆಳಿಗ್ಗೆ ಪರದೆಯ ಬಲಮೂಲೆಯಲ್ಲಿ ಒಂದು ಚೌಕ ಬಂದು ಕೂತಿತು. ‘ಹೊಸ ಆಪರೇಟಿಂಗ್ ಸಿಸ್ಟಮ್ ಸಿದ್ಧವಾಗಿದೆ, ಇದು ದೊಡ್ಡ ಅಪ್‌ಡೇಟ್’ ಎಂದು ಬರೆದಿತ್ತು. ಕೆಳಗೆ ಎರಡು ಗುಂಡಿ. ಒಂದು ‘ಈಗಲೇ ಹಾಕಿ’, ಇನ್ನೊಂದು ‘ಇಂದು ಬೇಡ’. ಚೌಕ ಕೂತದ್ದು ಸರಿಯಾಗಿ ಪ್ರಿಂಟ್ ಗುಂಡಿಯ ಮೇಲೆ. ಟೈಪಿಸ್ಟಮ್ಮ ಎಳೆದು ನೋಡಿದರು. ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಆಗ ಕೌಂಟರಿನ ಎದುರು ನಿಂತಿದ್ದವರು ಒಬ್ಬ ಬಡಗಿ ಮತ್ತು ಅವನನ್ನು ಮದುವೆಯಾಗಲು ಬಂದಿದ್ದ ಒಬ್ಬ ನರ್ಸ್. ಸಹಿಗಳೆಲ್ಲ ಆಗಿದ್ದವು, ಪತ್ರ ಪ್ರಿಂಟ್ ಆಗುವುದೊಂದು ಬಾಕಿ. ಪತ್ರ ಕೈಗೆ ಬಂದರೆ ಮಾತ್ರ ಮದುವೆ ಎಂಬುದು ನಮ್ಮ ನಿಯಮ. ಆಸ್ಪತ್ರೆಯ ಹಿಂದೆ ಎರಡು ಕೋಣೆಯ ಕ್ವಾರ್ಟರ್ಸ್ ಒಂದು ಖಾಲಿಯಾಗಿತ್ತು. ತಿಂಗಳ ಕೊನೆಯೊಳಗೆ ಮದುವೆ ಪತ್ರ ತೋರಿಸಿದರೆ ಅದು ನರ್ಸಿಗೆ, ಇಲ್ಲದಿದ್ದರೆ ಪಟ್ಟಿಯಲ್ಲಿ ಮುಂದಿರುವ ಎಕ್ಸ್‌ರೇ ತೆಗೆಯುವವನಿಗೆ. ಅವಳು ಚಿಕ್ಕಮ್ಮನ ಮನೆಯ ಹಜಾರದಲ್ಲಿ ಹೊಲಿಗೆ ಯಂತ್ರದ ಪಕ್ಕ ಮಲಗುತ್ತಿದ್ದಳು, ಅವನು ಅಂಗಡಿಯಲ್ಲಿ ಹಲಗೆಗಳ ನಡುವೆ.

“ಸಾರ್, ‘ಇಂದು ಬೇಡ’ ಒತ್ತಿಬಿಡಿ, ಅದು ಹೋಗತ್ತೆ,” ಎಂದಳು ನರ್ಸ್.

“ಬೇಡ ಅನ್ನೋದೂ ಒಂದು ನಿರ್ಧಾರ ತಾನೇ ಅಮ್ಮಾ?”

“ಹಾಗಾದ್ರೆ ‘ಈಗಲೇ’ ಒತ್ತಿ.”

“ಅದು ಇನ್ನೂ ದೊಡ್ಡ ನಿರ್ಧಾರ.”

ಅವಳು ತಲೆ ಚಚ್ಚಿಕೊಂಡಳು. ಅದು ಅವಳ ಹಕ್ಕು, ನಾನು ತಡೆಯಲಿಲ್ಲ.

ಯಾರದೇ ಕೋರಿಕೆ ಬಂದರೂ ಅದನ್ನು ಅರ್ಜಿ ಎಂದು ಭಾವಿಸಿ ಆವಕ ಸಂಖ್ಯೆ ಕೊಡುವುದು ನಮ್ಮ ಪದ್ಧತಿ. ಚೌಕದಲ್ಲಿದ್ದುದನ್ನು ಟೈಪಿಸ್ಟಮ್ಮ ಹಾಳೆಗೆ ಇಳಿಸಿದರು, ನಾನು ಸಂಖ್ಯೆ ಹಾಕಿ ಸಾಹೇಬರ ಮೇಜಿಗೆ ಕಳಿಸಿದೆ. ಸಾಹೇಬರು ಎರಡು ದಿನ ಓದಿದರು. ಅರ್ಜಿಯಲ್ಲಿ ಸಹಿ ಇಲ್ಲ, ವಿಳಾಸ ಇಲ್ಲ. ಸಹಿ ಇಲ್ಲದ ಅರ್ಜಿಯನ್ನು ಒಪ್ಪುವಂತಿಲ್ಲ. ಅರ್ಜಿದಾರರ ಮಾತು ಕೇಳದೆ ತಿರಸ್ಕರಿಸುವಂತೆಯೂ ಇಲ್ಲ. ಆದ್ದರಿಂದ ಈ ಕೆಳಗಿನ ನೋಟಿಸನ್ನು ಕಂಪ್ಯೂಟರಿನ ನೆತ್ತಿಯ ಮೇಲೆ ಅಂಟಿಸಲಾಯಿತು:

“ಪ್ರಕಟಣೆ. ಈ ಪರದೆಯಲ್ಲಿ ಪೂರ್ವಾನುಮತಿ ಇಲ್ಲದೆ ಕಾಣಿಸಿಕೊಂಡಿರುವ ಅಪ್‌ಡೇಟ್ ಎಂಬವರು ಬರುವ ಶುಕ್ರವಾರ ಹನ್ನೊಂದು ಗಂಟೆಗೆ ಗುರುತಿನ ದಾಖಲೆಯೊಂದಿಗೆ ಖುದ್ದು ಹಾಜರಾಗಿ ತಮ್ಮ ಉದ್ದೇಶವನ್ನು ತಿಳಿಸತಕ್ಕದ್ದು. ತಪ್ಪಿದಲ್ಲಿ ಏಕಪಕ್ಷೀಯವಾಗಿ ತೀರ್ಮಾನಿಸಲಾಗುವುದು.”

ಶುಕ್ರವಾರ ಜವಾನ ಬಾಗಿಲಲ್ಲಿ ನಿಂತು ಮೂರು ಸಲ ಅಪ್‌ಡೇಟ್ ಅಂತ ಕೂಗಿದ. ಯಾರೂ ಬರಲಿಲ್ಲ. ಊಟದ ಹೊತ್ತಿನವರೆಗೆ ಕಾದು ಸಾಹೇಬರು, “ಬಂದಿದ್ದರೆ ಅವರಿಗೇ ಒಳ್ಳೇದಿತ್ತು,” ಎಂದು ಬೇಸರದಿಂದ ಎದ್ದರು.

ಬಡಗಿ ಮಾತ್ರ ದಿನಾ ಬಂದು ಬೆಂಚಿನ ಮೇಲೆ ಕೂರುತ್ತಿದ್ದ. ಕಿವಿಯ ಮೇಲೆ ಪೆನ್ಸಿಲು, ಪ್ಯಾಂಟಿನ ತುಂಬ ಮರದ ಹೊಟ್ಟು. “ಸಾರ್, ಆ ಕೋಣೆಗೆ ಅಳತೆ ತಗೊಂಡು ಮಂಚ ಮಾಡಿ ಇಟ್ಟಿದ್ದೀನಿ. ಬೇರೆ ಎಲ್ಲೂ ಅದು ಹಿಡಿಯಲ್ಲ,” ಎಂದ. ಮಂಚದ ವಿಷಯ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ತಿಳಿಸಿದೆ. ಒಳಗೊಳಗೆ ಪಾಪ ಅನಿಸಿತು. ಅನಿಸಿದ್ದನ್ನು ಬರೆದುಕೊಳ್ಳಲು ನಮ್ಮಲ್ಲಿ ಕಾಲಂ ಇಲ್ಲ.

ತಿಂಗಳ ಕೊನೆಯ ದಿನ ಕಾನೂನು ವಿಭಾಗದ ಅಭಿಪ್ರಾಯ ಬಂತು. ಅರ್ಜಿದಾರರು ಗೈರುಹಾಜರಾದ್ದರಿಂದ ಸಾಹೇಬರು ‘ಇಂದು ಬೇಡ’ ಒತ್ತಬಹುದು. ಆದರೆ ಆ ಗುಂಡಿ ಇಂದಿನ ಮಾತನ್ನಷ್ಟೇ ಆಡುತ್ತದೆ. ಆದಕಾರಣ ಅದರ ಬಲದಿಂದ ಪ್ರಿಂಟ್ ಆದ ಯಾವುದೇ ಪತ್ರಕ್ಕೆ ಇಪ್ಪತ್ತನಾಲ್ಕು ಗಂಟೆ ಮಾತ್ರ ಮಾನ್ಯತೆ. ಹತ್ತೂವರೆಗೆ ಸಾಹೇಬರು ಕಣ್ಣು ಮುಚ್ಚಿ ಒತ್ತಿದರು, ಚೌಕ ಮಾಯವಾಯಿತು, ಪತ್ರ ಬಂತು.

ನರ್ಸ್ ಓದಿ ನೋಡಿದಳು. “ಸಾರ್, ನಮ್ಮ ಮದುವೆ ಒಂದೇ ದಿನಾನಾ?”

“ಯಾಕೆ ಗಾಬರಿ? ನಾಳೆ ನವೀಕರಿಸಬಹುದು.”

“ನಾಡಿದ್ದು?”

“ನಾಡಿದ್ದೂ ನಾವಿರ್ತೀವಿ, ಎಲ್ಲಿಗೆ ಹೋಗ್ತೀವಿ?”

ಹೀಗೆ ಶುರುವಾಯಿತು. ದಿನಾ ಬೆಳಿಗ್ಗೆ ಚೌಕ ಮತ್ತೆ ಬಂದು ಕೂರುತ್ತದೆ, ಸಾಹೇಬರು ಮತ್ತೆ ‘ಇಂದು ಬೇಡ’ ಒತ್ತುತ್ತಾರೆ. ದಿನಾ ಹತ್ತೂವರೆಗೆ ಅವಳು ಡ್ಯೂಟಿಯ ಸಮವಸ್ತ್ರದಲ್ಲೇ ಬರುತ್ತಾಳೆ, ಅವನು ಕೈ ಒರೆಸಿಕೊಳ್ಳುತ್ತಾ ಬರುತ್ತಾನೆ, ಟೈಪಿಸ್ಟಮ್ಮ ಮತ್ತು ಜವಾನ ಸಾಕ್ಷಿ ಸಹಿ ಹಾಕುತ್ತಾರೆ, ಮದುವೆ ಆಗುತ್ತದೆ. ತೊಡಕು ಭಾನುವಾರದ್ದು. ಅಂದು ಕಚೇರಿಗೆ ರಜೆ. ಭಾನುವಾರ ಹತ್ತೂವರೆಯಿಂದ ಸೋಮವಾರ ಹತ್ತೂವರೆಯವರೆಗೆ ಅವರು ಪರಸ್ಪರ ಯಾರೂ ಅಲ್ಲ. ಆಸ್ಪತ್ರೆಯವರೂ ನಿಯಮ ಬಲ್ಲವರು. ಕ್ವಾರ್ಟರ್ಸನ್ನು ವಾರಕ್ಕೆ ಆರು ದಿನ ನರ್ಸಿಗೆ, ಉಳಿದ ದಿನ ಎಕ್ಸ್‌ರೇಯವನಿಗೆ ಮಂಜೂರು ಮಾಡಿದರು. ಭಾನುವಾರ ಹತ್ತೂವರೆಗೆ ಎಕ್ಸ್‌ರೇಯವನು ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿರುತ್ತಾನೆ. ನರ್ಸ್ ಚಿಕ್ಕಮ್ಮನ ಮನೆಗೆ, ಬಡಗಿ ಅಂಗಡಿಗೆ. ಮಂಚ ಅಲ್ಲೇ. ಅದರ ಮೇಲೆ ಆ ಮಹಾರಾಯ ಮಲಗುತ್ತಾನಲ್ಲ ಎಂಬುದೇ ಬಡಗಿಯ ಹೊಟ್ಟೆಯುರಿ.

ಸುದ್ದಿ ಹರಡಲು ಎಷ್ಟು ಹೊತ್ತು? ವಾರಕ್ಕೊಂದು ದಿನ ಮದುವೆಯಿಂದ ರಜೆ ಸಿಗುತ್ತದಂತೆ ಎಂದು ಹತ್ತು, ಇಪ್ಪತ್ತು, ಮೂವತ್ತು ವರ್ಷ ಸಂಸಾರ ಮಾಡಿದವರೆಲ್ಲ ಶಾಶ್ವತ ಪತ್ರ ವಾಪಸು ಕೊಟ್ಟು ದಿನಪತ್ರ ಕೇಳತೊಡಗಿದರು. ಕೌಂಟರಿನಿಂದ ಬೀದಿಯವರೆಗೆ ಸಾಲು. ನಮ್ಮ ಕಚೇರಿಯ ಮೇಲೆ ಸಾರ್ವಜನಿಕರು ಇಷ್ಟು ಪ್ರೀತಿ ತೋರಿಸಿದ್ದನ್ನು ನಾನು ಕಂಡಿರಲಿಲ್ಲ.

ಅಷ್ಟರಲ್ಲಿ ಮೇಲಿನ ಕಚೇರಿ ಕೇಳಿತು: ಅಪ್‌ಡೇಟ್ ಹಾಕುತ್ತೀರೋ ಇಲ್ಲವೋ? ಹಾಕಿದರೆ ಚೌಕ ಶಾಶ್ವತವಾಗಿ ಹೋಗುತ್ತದೆ, ದಿನಪತ್ರವೂ ಹೋಗುತ್ತದೆ. ಬಾಧಿತರ ಅಭಿಪ್ರಾಯ ಪಡೆಯಲು ಒಂದು ಶನಿವಾರ ಮಧ್ಯಾಹ್ನ ಸಾಹೇಬರು ಸಭೆ ಕರೆದರು.

ಮೊದಲು ನರ್ಸ್ ಎದ್ದಳು. “ಸಾರ್, ಈ ಮನುಷ್ಯನ್ನ ನಾನು ಅರವತ್ತೆಂಟು ಸಲ ಮದುವೆ ಆಗಿದ್ದೀನಿ. ಒಂದೇ ಒಂದು ಸಲ ನೆಟ್ಟಗೆ ಆಗ್ಬೇಕು ಅಂತ ಆಸೆ. ಭಾನುವಾರ ಬಂತು ಅಂದ್ರೆ ನಂಗೆ ಅಳು ಬರತ್ತೆ. ಹಾಕಿಬಿಡಿ ಸಾರ್, ನಿಮ್ಗೆ ಕೈ ಮುಗೀತೀನಿ.”

ಟೈಪಿಸ್ಟಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಳು ಬರುವ ಅಂಶವನ್ನು ದಾಖಲಿಸಿಕೊಳ್ಳಿ ಎಂದರು ಸಾಹೇಬರು, ದಾಖಲಿಸಿಕೊಂಡೆ. ನಂತರ ಕೈ ಎತ್ತಿಸಲಾಯಿತು.

ಅಪ್‌ಡೇಟ್ ಬೇಕು ಎಂದವರು ಇಬ್ಬರು, ನರ್ಸ್ ಮತ್ತು ಬಡಗಿ. ಬೇಡ ಎಂದವರು ನಲವತ್ತೊಂದು. ಆ ನಲವತ್ತೊಂದರಲ್ಲಿ ಎಲ್ಲಕ್ಕಿಂತ ಮೇಲೆ ಹೋಗಿದ್ದ ಕೈ ನನ್ನ ಹೆಂಡತಿಯದು. ಅವಳು ದಿನಪತ್ರಕ್ಕೆ ಅರ್ಜಿ ಹಾಕಿದ್ದೇ ನನಗೆ ಗೊತ್ತಿರಲಿಲ್ಲ. ನನ್ನ ಮೇಜಿನಿಂದಲೇ ಹೋಗಿರಬೇಕು, ನಾನೇ ಸಹಿ ಹಾಕಿರಬೇಕು, ಆದರೆ ಓದಿ ಸಹಿ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ನಾನು ಅವಳ ಮುಖ ನೋಡಿದೆ. ಅವಳು ಗೋಡೆಯ ಗಡಿಯಾರ ನೋಡಿದಳು.

ಅಪ್‌ಡೇಟ್ ಹಾಕತಕ್ಕದ್ದಲ್ಲ ಎಂದು ತೀರ್ಮಾನವಾಯಿತು. ಸಭೆ ಚಪ್ಪಾಳೆ ತಟ್ಟಿ ಚದುರಿತು. ಬಡಗಿ ಅಂಗಡಿಯ ಕೆಲಸವಿದೆ ಎಂದು ಬೇಗ ಹೊರಟ. ಕೊನೆಗೆ ಉಳಿದವಳು ನರ್ಸ್ ಒಬ್ಬಳೇ. ಮುಖ ತೊಳೆದುಕೊಂಡು ನನ್ನ ಮೇಜಿನ ಹತ್ತಿರ ಬಂದಳು.

“ಸೋಮವಾರ ಎಷ್ಟು ಗಂಟೆಗೆ ಬರಲಿ ಸಾರ್?”

ಎಂದಿನಂತೆ ಹತ್ತೂವರೆಗೆ ಎಂದೆ. ವರನನ್ನೂ ಕರೆದುಕೊಂಡು ಬರಬೇಕು ಎಂದು ತಿಳಿಸಿದೆ.