ಡಕೋಟಾ ನೋಡಲು ಹೊರಟವರು

ಆ ಭಾನುವಾರ ನೇಮಿನಾಥರು ಫೋನಿನಲ್ಲಿ ಸ್ವಲ್ಪ ಮೆಲ್ಲಗೆ ಮಾತಾಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಆದರೆ ಖುಷಿಯಾದಾಗ ಅವರ ದನಿ ತಾನಾಗಿಯೇ ಏರುತ್ತದೆ. ಬೆಳಗಾವಿಯ ನೆಹರು ನಗರದ ಅವರ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಎದೆಯೆತ್ತರದ ಗೋಡೆ ಮಾತ್ರ.

“ಖರೇನ ಹೇಳ್ತೀಯೇನ ಅತಿಶಯ? ಡಕೋಟಾ ಇವತ್ತ ಬರತೈತಿ? ಜಾಂಬೋಟಿ ಕಡೀಂದನ? ಎಂಬತ್ತು ವರ್ಷದ್ದಾದ್ರೂ ಎಂಜಿನ್ ಗಟ್ಟಿ ಐತಿ ಅಂದ್ರ! ಹೊಸಾ ಪೇಂಟ್ ಬ್ಯಾರೆ! ತಡಿ ಮಾರಾಯಾ, ನಾ ಬಂದ ಬಿಟ್ಟೆ!”

ಸರಕು ಸಾಗಿಸುತ್ತಿದ್ದ ಆ ಹಳೆಯ ವಿಮಾನವೆಂದರೆ ನೇಮಿನಾಥರಿಗೆ ಪ್ರಾಣ. ಚಿಕ್ಕವರಿದ್ದಾಗ ಅಪ್ಪ ಸೈಕಲ್ಲಿನ ಮುಂದೆ ಕೂರಿಸಿಕೊಂಡು ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಕರೆದೊಯ್ದಿದ್ದರು. ಬೇಲಿಯಾಚೆ ಒಂದು ಡಕೋಟಾ ನಿಂತಿತ್ತು. ಅದರ ಹೊಟ್ಟೆಯೊಳಗಿಂದ ಚೀಲದ ಮೇಲೆ ಚೀಲ ಇಳಿಯುತ್ತಿದ್ದವು. ಆಮೇಲೆ ಅದು ಗುಡುಗುಡು ಎನ್ನುತ್ತ ಓಡಿ ಮೇಲೆದ್ದಾಗ ಹುಡುಗ ಅಪ್ಪನ ಅಂಗಿಯನ್ನು ಹಿಡಿದುಕೊಂಡು ಅತ್ತುಬಿಟ್ಟಿದ್ದ. ಅವತ್ತು ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಅದೇ ಹುಚ್ಚಿನ ಐದಾರು ಜನ ಕೋಟೆಯ ಹತ್ತಿರದ ಚಹಾದಂಗಡಿಯಲ್ಲಿ ಆಗಾಗ ಸೇರುತ್ತಾರೆ. ಬಾಯಲ್ಲೇ ಎಂಜಿನ್ ಸದ್ದು ಮಾಡಿ ‘ಯಾವ ವಿಮಾನ ಹೇಳು’ ಎಂದು ಒಬ್ಬರನ್ನೊಬ್ಬರು ಪರೀಕ್ಷಿಸುತ್ತಾರೆ. ಪಕ್ಕದ ಗಿರಾಕಿಗಳು ಅರ್ಧ ಚಹಾ ಬಿಟ್ಟು ಎದ್ದು ಹೋಗುತ್ತಾರೆ. ಅತಿಶಯ ಆ ಗುಂಪಿನವನೇ. ದುರಸ್ತಿ ಮಾಡಿದ ಡಕೋಟಾ ಒಂದು ಗೋವಾದಿಂದ ಹೊರಟು, ಯಾವುದೋ ಪ್ರದರ್ಶನಕ್ಕೆ ಜಾಂಬೋಟಿಯ ಗುಡ್ಡಗಳ ಮೇಲಿಂದ ಹಾದುಹೋಗುತ್ತದೆ ಎಂಬ ಸುದ್ದಿ ತಂದವನು ಅವನು.

ಆದರೆ ಊರಿನ ಉಳಿದ ಮಂದಿಗೆ ಡಕೋಟಾ ಎಂದರೆ ಲಟಾರಿ ಗಾಡಿ. ಗೋಡೆಯಾಚೆ ಹಲ್ಲುಜ್ಜುತ್ತಿದ್ದ ಮೈಲಾರಲಿಂಗನಿಗೂ ಅಷ್ಟೇ. ಬಸ್ ಕಂಡಕ್ಟರಾಗಿ ನಿವೃತ್ತನಾದ ಆತ ಈಗ ಓಣಿಯನ್ನೇ ಬಸ್ಸೆಂದು ತಿಳಿದು ನಡೆಸುತ್ತಿದ್ದ. ನೇಮಿನಾಥರು ಫೋನ್ ಇಡುವಷ್ಟರಲ್ಲಿ ಬಾಯಿ ತೊಳೆದು, ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

“ನೇಮಿನಾಥರ, ಹಳೇ ಗಾಡಿ ತಗೊಳ್ಳಾಕ ಒಬ್ಬರ ಹೋಗಬಾರದ್ರಿ. ಎಂಬತ್ತು ವರ್ಷ ಅಂತ ಅವ ಹೇಳಿದ್ರ ನೂರಾ ಹತ್ತು ಅಂತ ತಿಳಕೋಬೇಕು.”

“ಇಲ್ರಿ, ಇದು ಗಾಡಿ ಅಲ್ಲ. ಇದು ಹಾರತೈತಿ.”

“ಮಾರಾವ್ರು ಎಲ್ಲಾರೂ ಹಂಗ ಹೇಳ್ತಾರ್ರಿ, ಹಾರತೈತಿ ಅಂತ! ವೈನಿ, ಕೇಳಿದ್ರೇನು? ಸಾಹೇಬ್ರು ಗಾಡಿ ನೋಡಾಕ ಹೊಂಟಾರ!”

ಒಳಗಿಂದ ಪ್ರಮಿಳಾ ಸೆರಗಿಗೆ ಕೈ ಒರೆಸುತ್ತ ಬಂದರು. ಗಂಡನ ಮುಖ ನೋಡಿದರು. “ನಾನೂ ಬರ್ಲೇನ್ರಿ?” ಎಂದರು, ಸಣ್ಣ ದನಿಯಲ್ಲಿ.

ಮದುವೆಯಾದಾಗಿನಿಂದ ಹೆಂಡತಿ ಹೀಗೆ ಕೇಳಿದ್ದು ನೇಮಿನಾಥರಿಗೆ ನೆನಪಿಲ್ಲ. ಮೊಣಕಾಲು ನೋವಿನ ಆಕೆ ಬಸ್ಸಿನ ಮೆಟ್ಟಿಲು ಹತ್ತುವಾಗ ಹಲ್ಲು ಕಚ್ಚುವುದನ್ನು ಅವರು ಎಷ್ಟೋ ಸಲ ನೋಡಿದ್ದರು. ಗಾಡಿ ಎಂದ ಕೂಡಲೇ ಹೇಗೆ ಮುಖ ಅರಳಿತು ನೋಡು! ಇಲ್ಲ ಎನ್ನಲು ಬಾಯಿ ಬರಲಿಲ್ಲ. ಪ್ರಮಿಳಾ ಒಳಗೆ ಹೋಗಿ, ಹಬ್ಬಕ್ಕೆಂದು ಎತ್ತಿಟ್ಟ ಹಸಿರು ಇಳಕಲ್ ಸೀರೆ ಉಟ್ಟು ಬಂದರು.

ಮೈಲಾರಲಿಂಗನ ಹಳೆಯ ವ್ಯಾನಿನಲ್ಲಿ ಮೂವರೂ ಹೊರಟರು. ಜಾಂಬೋಟಿಗೆ ನೇರ ದಾರಿ ಇತ್ತು. ಆದರೆ ವ್ಯಾನು ಖಾನಾಪುರದ ಕಡೆ ತಿರುಗಿತು.

“ಈ ಕಡೆ ಯಾಕ್ರಿ?” ನೇಮಿನಾಥರು ಗಾಬರಿಯಾದರು.

“ಜಾಂಬೋಟಿ ಗಾಡಿ ನೋಡೂಕ್ಕಿಂತ ಮೊದಲ ನಮ್ಮ ಬಾಳೇಶನ ಜೀಪ ನೋಡ್ರಿ. ಎರಡೂ ನೋಡಿದ್ರ ತೂಕ ತಿಳೀತೈತಿ. ಸುಮ್ಮನ ಕುಂದರ್ರಿ.”

ಅತಿಶಯನ ಫೋನು ಮೇಲಿಂದ ಮೇಲೆ ಬರುತ್ತಿತ್ತು. “ಎಲ್ಲಿ ಅದಿಯೋ? ಗುಡ್ಡದ ಮ್ಯಾಲ ಜಾಗಾ ಹಿಡದೇವಿ, ಲಗೂನ ಬಾ!” ನೇಮಿನಾಥರು ಕಳ್ಳನಂತೆ ಬಾಯಿಗೆ ಕೈ ಅಡ್ಡ ಹಿಡಿದು, “ಬಂದೆ, ಬಂದೆ” ಎನ್ನುತ್ತಿದ್ದರು.

ಖಾನಾಪುರದ ಅಂಚಿನಲ್ಲಿ ಬಾಳೇಶನ ಗ್ಯಾರೇಜು. ಅಂಗಳದಲ್ಲಿ ಒಂದು ಜೀಪು, ಕಾಲು ಮಡಚಿಕೊಂಡು ಮಲಗಿದ ಮುದಿ ಎತ್ತಿನಂತೆ ಒಂದು ಕಡೆ ವಾಲಿ ನಿಂತಿತ್ತು. ಬಾಳೇಶ ಅದರ ಬಾಗಿಲನ್ನು ಮೆಲ್ಲಗೆ ತೆಗೆದ. ಬಾಗಿಲು ಪೂರ್ತಿ ಕೈಗೇ ಬಂತು.

“ಗಾಳಿ ಛಲೋ ಆಡ್ತೈತ್ರಿ,” ಎಂದು ಅದನ್ನು ಗೋಡೆಗೆ ಆನಿಸಿಟ್ಟ.

ನೇಮಿನಾಥರು ಹೆಂಡತಿಯತ್ತ ನೋಡಿದರು. ಪ್ರಮಿಳಾ ಹಣೆಗೆ ಕೈ ಅಡ್ಡ ಹಿಡಿದು ಎಲ್ಲೋ ಮೇಲೆ, ದೂರಕ್ಕೆ ನೋಡುತ್ತಿದ್ದರು. ಈ ಜೀಪಿನಲ್ಲಿ ಕೂತು ತವರಿಗೆ ಹೋಗುವ ಕನಸು ಕಾಣುತ್ತಿದ್ದಾಳೆ ಪಾಪ, ಅನ್ನಿಸಿತು ಅವರಿಗೆ.

“ಹೆಂಗ ಐತಿ?” ಎಂದು ಕೇಳಿದರು.

ಪ್ರಮಿಳಾ ಬೆಚ್ಚಿ ಜೀಪಿನತ್ತ ತಿರುಗಿದರು. ಆಮೇಲೆ ಗಂಡನನ್ನು ನೋಡಿ ಮೆತ್ತಗೆ ನಕ್ಕರು. “ಛಂದ ಐತ್ರಿ. ನಿಮ್ಮ ಮನಸ್ಸಿಗೆ ಬಂದ್ರ ತಗೋರಿ.”

ಅಷ್ಟು ಸಾಕಾಯಿತು. ಇಷ್ಟು ವರ್ಷ ವಿಮಾನದ ಹಿಂದೆ ಓಡಾಡಿ ಈಕೆಗೆಂದು ಏನು ಮಾಡಿದೆ ನಾನು? ನೇಮಿನಾಥರು “ಆತು ಬಾಳೇಶ, ಇದು ನಮ್ಮದು” ಎಂದುಬಿಟ್ಟರು. ಬಾಳೇಶ ಅವರ ಬಾಯಿಗೆ ಸಕ್ಕರೆ ಹಾಕಿ ಕೈ ಕುಲುಕಿದ. ಅಲ್ಲಿಗೆ ವ್ಯಾಪಾರ ಮುಗಿಯಿತು.

“ಈಗರ ಕೆಳಗ ಇಣಿಕಿ ನೋಡ್ರಿ,” ಎಂದ ಮೈಲಾರಲಿಂಗ. “ಎಣ್ಣಿ ಸೋರ್ತೈತೇನ ಅಂತ. ನನ್ನ ಹೊಟ್ಟಿ ಅಲ್ಲಿ ಹೋಗೂದಿಲ್ಲ.”

“ಕೊಂಡ ಮ್ಯಾಲ ನೋಡೂದೇನ್ರಿ?”

“ನೋಡಿದ ಸಮಾಧಾನ ಬೇಕಲ್ರಿ!”

ಬೇಗ ಮುಗಿಸಿ ಜಾಂಬೋಟಿಗೆ ಓಡೋಣವೆಂದು ನೇಮಿನಾಥರು ಅಂಗಾತ ಮಲಗಿ ಜೀಪಿನಡಿ ತೂರಿದರು. ಎಣ್ಣೆ ಸೋರುತ್ತಿತ್ತು. ಅವರ ಮೂಗಿನ ಮೇಲೆಯೇ ಸೋರುತ್ತಿತ್ತು.

ಆಗ ಆ ಸದ್ದು ಬಂತು.

ಮೊದಲು ನೆಲ ಸಣ್ಣಗೆ ನಡುಗಿತು. ಆಮೇಲೆ ಎರಡು ದೊಡ್ಡ ಬೀಸುವಕಲ್ಲುಗಳು ಆಕಾಶದಲ್ಲಿ ಒಟ್ಟಿಗೇ ತಿರುಗಿದಂತೆ, ದಪ್ಪಗೆ, ತುಂಬಿಕೊಂಡು. ಚಹಾದಂಗಡಿಯಲ್ಲಿ ಯಾರೂ ಎಂದೂ ಸರಿಯಾಗಿ ಮಾಡಲಾಗದ ಸದ್ದು ಅದು.

“ಬಂತು! ಬರ್ರಿ, ಹೊರಗ ಬರ್ರಿ!” ಪ್ರಮಿಳಾ ಕೂಗುತ್ತಿದ್ದರು.

ನೇಮಿನಾಥರು ಏಳಲು ಹೋದರು, ಹಣೆ ಕಬ್ಬಿಣಕ್ಕೆ ಬಡಿಯಿತು. ಸರಿಯಲು ಹೋದರು, ಅಂಗಿ ಯಾವುದೋ ಕೊಂಡಿಗೆ ಸಿಕ್ಕಿತು. “ಎಳೀರಿ! ನನ್ನ ಎಳೀರಿ!” ಎಂದು ಒದ್ದಾಡಿದರು. ಪ್ರಮಿಳಾ ಆಕಾಶ ನೋಡುತ್ತಲೇ ಒಂದು ಕೈಯಲ್ಲಿ ಅವರ ಕಾಲು ಹಿಡಿದು ಎಳೆದರು. ಬೂಟು ಕೈಗೆ ಬಂತು. ಒಂದು ನೆರಳು ಅಂಗಳದ ಮೇಲೆ ಹಾದು ಹೋಯಿತು. ಅಂಗಿ ಹರಿದುಕೊಂಡು ನೇಮಿನಾಥರು ಹೊರಬಂದಾಗ ಮೇಲೆ ಬರೀ ಆಕಾಶವಿತ್ತು.

“ಏನ್ ದೊಡ್ಡದ್ರಿ!” ಮೈಲಾರಲಿಂಗ ಬಾಯಿ ತೆರೆದುಕೊಂಡೇ ನಿಂತಿದ್ದ. “ಕೈ ಚಾಚಿದ್ರ ಸಿಗತಿತ್ತು! ನೀವು ನೋಡಲಿಲ್ಲೇನು?”

ಅತಿಶಯನ ಫೋನು ಬಂತು. ಅಳುವುದೊಂದೇ ಬಾಕಿ. “ಇಲ್ಲಿ ಬರೇ ಮಂಜ ಐತೋ, ಏನೂ ಕಾಣಲಿಲ್ಲ. ಮೋಡ ತಪ್ಪಿಸಾಕ ಖಾನಾಪುರ ಕಡೆ ಹೊಳ್ಳಿತಂತ. ನೀ ಎಲ್ಲಿ ಅದಿ?”

“ಖಾನಾಪುರ.”

“ಅಯ್ಯ ಪುಣ್ಯವಂತ! ನೋಡಿದಿ ಹಂಗಾರ?”

“ಕೇಳಿದೆ,” ಎಂದು ನೇಮಿನಾಥರು ಫೋನ್ ಇಟ್ಟರು.

ಜೀಪು ಶುರುವಾಗಲಿಲ್ಲ. ಮೈಲಾರಲಿಂಗ ಅದನ್ನು ಹಗ್ಗದಿಂದ ವ್ಯಾನಿಗೆ ಕಟ್ಟಿ ಎಳೆದುಕೊಂಡು ಬೆಳಗಾವಿಯ ದಾರಿ ಹಿಡಿದ. ಸ್ಟಿಯರಿಂಗ್ ಹಿಡಿದು ನೇಮಿನಾಥರು, ಪಕ್ಕದಲ್ಲಿ ಬಾಗಿಲನ್ನು ತೊಡೆಯ ಮೇಲಿಟ್ಟುಕೊಂಡು ಪ್ರಮಿಳಾ.

“ಪ್ರಮಿಳಾ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ. ನಾ ಗಾಡಿ ನೋಡಾಕ ಹೊಂಟಿರಲಿಲ್ಲ. ವಿಮಾನ ನೋಡಾಕ ಹೊಂಟಿದ್ದೆ. ನೀ ಆಸೆಪಟ್ಟಿ ಅಂತ ಜೀಪ ತಗೊಂಡೆ.”

ಪ್ರಮಿಳಾ ಅವರತ್ತ ತಿರುಗಿದರು. “ನಾ ಯಾವಾಗ ಆಸೆಪಟ್ಟೆ? ಡಕೋಟಾ ಅಂದ್ರ ಏನು ಅಂತ ನಿಮ್ಮ ಕಟಗೊಂಡ ಮ್ಯಾಲೂ ನನಗ ಗೊತ್ತಿರೂದಿಲ್ಲೇನ್ರಿ? ನಿದ್ದೀಗಣ್ಣಾಗೂ ಅದನ್ನ ಅಂತೀರಿ. ಒಮ್ಮೆರ ನಿಮ್ಮ ಜೋಡಿ ನಿಂತು ನೋಡಬೇಕು ಅಂತ ಬಂದೆ. ಸೀರಿ ಉಟ್ಟಿದ್ದೂ ಅದಕ್ಕ.”

“ಮತ್ತ ಜೀಪ ಛಂದ ಐತಿ ಅಂದಿ?”

“ನಿಮಗ ಬೇಕೇನೋ ಅಂದಕೊಂಡೆ. ನನಗ್ಯಾಕ್ರಿ ಇದು? ಹತ್ತಾಕ ಏಣಿ ಬೇಕು.”

ನೇಮಿನಾಥರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಪಟ್ಟನೆ ಸದ್ದಾಗಿ ಹಗ್ಗ ಹರಿಯಿತು. ಜೀಪು ರಸ್ತೆಯ ಬದಿಗೆ ಸರಿದು ಗದ್ದೆಯ ಅಂಚಿನಲ್ಲಿ ನಿಂತಿತು. ಮುಂದೆ ಮೈಲಾರಲಿಂಗ, ಹಿಂದೆ ಏನಾಯಿತೆಂಬುದೇ ಗೊತ್ತಿಲ್ಲದೆ, ಫೋನಿನಲ್ಲಿ ಯಾರಿಗೋ ತಾನು ಕಂಡ ವಿಮಾನದ ವರ್ಣನೆ ಮಾಡುತ್ತ ತಿರುವು ದಾಟಿ ಹೋದ.

ಇಬ್ಬರೂ ಕೂತೇ ಇದ್ದರು. ಪ್ರಮಿಳಾ ಸೆರಗಿನಿಂದ ಗಂಡನ ಮೂಗಿನ ಮೇಲಿನ ಎಣ್ಣೆ ಒರೆಸಿದರು.

“ಹೆಂಗಿತ್ತು ಹೇಳು,” ಎಂದರು ನೇಮಿನಾಥರು.

“ಮೊದಲ ಸಪ್ಪಳ ಬಂತ್ರಿ…”

“ಸಪ್ಪಳ ನಾನೂ ಕೇಳೀನಿ. ಅದರ ಮುಂದಿಂದ ಹೇಳು. ನಿಧಾನಕ್ಕ.”