ಬೊಟ್ಟಿಟ್ಟ ಸ್ಪ್ಯಾನರು

ಹಟ ಹಿಡಿದರೆ ಒಳ್ಳೆಯ ಕಾರಣಕ್ಕೇ ಹಿಡಿಯಬೇಕು ಅನ್ನುವವನು ನಾನು; ನಷ್ಟವಾದರೂ ಮರ್ಯಾದೆ ಉಳಿಯುತ್ತದೆ. ಹೊಸಮನೆ ಬಡಾವಣೆಯಲ್ಲಿ ನನ್ನದೊಂದು ರಿಪೇರಿ ಸೇವೆ ಇದೆ. ನಲ್ಲಿ, ಮೋಟಾರು, ಗೀಸರು ಏನೇ ಕೆಟ್ಟರೂ ಫೋನು ಮಾಡಿ, ಮನೆಗೇ ಬರುತ್ತೇವೆ. ಸಂಬಳದವರು ಇಬ್ಬರೇ, ಉಳಿದವರೆಲ್ಲ ಕರೆ ಬಂದಾಗ ಬಂದು, ಮಾಡಿದ ಕೆಲಸಕ್ಕಷ್ಟೇ ದುಡ್ಡು ತೆಗೆದುಕೊಳ್ಳುವ ಗಿಗ್ ಜನ. ಈ ಪದ ಕಲಿಸಿದವನು ನನ್ನ ಪಾಲುದಾರ, ಭಾವಮೈದ ಗಿರೀಶ. ಅದಕ್ಕೂ ಮೊದಲು ನಾವು ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದೆವು.

ಆಯುಧಪೂಜೆಗೆ ಪ್ರತಿವರ್ಷ ಸಂಬಳದವರ ಸಲಕರಣೆಗಳಿಗೆ ಮಾತ್ರ ಪೂಜೆ. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ. (ಗಾಡಿಗೆ ಆ ನಿಯಮವಿಲ್ಲ, ನಿಂಬೆಹಣ್ಣಿನ ಮೇಲೆ ಹತ್ತಿಸಿ ಓಡಿಸಬಹುದು. ದೇವರಿಗೂ ಪ್ರಾಕ್ಟಿಕಲ್ ಬುದ್ಧಿ ಇದೆ.) ಗಿಗ್ ಜನ ಗೇಟಿನಾಚೆ ನಿಂತು ಮಂಡಕ್ಕಿ ಈಸಿಕೊಂಡು ಹೋಗುತ್ತಿದ್ದರು. ಈ ಸಲ ಭದ್ರಾವತಿಯ ಕೆಲಸಗಳನ್ನೆಲ್ಲ ಮಾಡುವ ಸೆಲ್ವಿ ಮಂಡಕ್ಕಿ ಬೇಡ ಅಂದಳು. "ವರ್ಷವೆಲ್ಲಾ ನಿಮ್ಮ ಟೀಶರ್ಟು ಹಾಕ್ಕೊಂಡು ಓಡಾಡ್ತೀನಿ ಸಾರ್. ನನ್ನ ಸ್ಪ್ಯಾನರಿಗೆ ಒಂದು ಬೊಟ್ಟು ಇಡಕ್ಕಾಗಲ್ವಾ?"

ನಾಚಿಕೆಯಾಯಿತು. ಬ್ಯಾಗು ಒಳಗೆ ತಗೊಂಡು ಬಾ ಅಂದೆ. ಗಿರೀಶ ಕಿವಿಯಲ್ಲಿ, "ಭಾವ, ಇವತ್ತು ಬೊಟ್ಟು ಕೇಳಿದೋರು ನಾಳೆ ಪಿಎಫ್ ಕೇಳ್ತಾರೆ" ಅಂದ. "ಕೇಳಲಿ! ಕೇಳಬೇಕಾದ್ದೇ!" ಎಂದೆ, ಬೀದಿಗೆಲ್ಲ ಕೇಳುವಂತೆ. ಧೈರ್ಯ ತೋರಿಸುವಾಗ ನನಗೆ ನಾಲ್ಕು ಜನ ಬೇಕು. ಎಲ್ಲರ ಬ್ಯಾಗಿಗೂ ನಾನೇ ಬೊಟ್ಟಿಟ್ಟೆ, ಎಲ್ಲರೂ ಒಂದೇ ಸಾಲಿನಲ್ಲಿ ಎಲೆ ಮುಂದೆ ಕೂತೆವು.

ಪಾಯಸದ ಹೊತ್ತಿಗೆ ಭದ್ರಾವತಿಯ ಲಾಡ್ಜಿನಿಂದ ಫೋನು. ಹಬ್ಬಕ್ಕೆ ರೂಮೆಲ್ಲ ಭರ್ತಿ, ಮೋಟಾರು ಕೆಟ್ಟಿದೆ, ಈಗ ಬರದಿದ್ದರೆ ಇನ್ನು ಮುಂದೆ ಬರುವುದೇ ಬೇಡ. ಆ ಊರಿನಲ್ಲಿ ನಮಗೆ ಹೆಚ್ಚು ಕೆಲಸ ಕೊಡುವವರು ಅವರೇ. ಇಷ್ಟು ವರ್ಷ ಹಬ್ಬದ ದಿನ ನಮ್ಮ ಮಾನ ಉಳಿಸಿದ್ದು ಗೇಟಿನಾಚೆಯ ಪೂಜೆಯಿಲ್ಲದ ಸ್ಪ್ಯಾನರುಗಳು ಎಂಬುದು ಆಗ ಹೊಳೆಯಿತು. ಸೆಲ್ವಿಯ ಮುಖ ನೋಡಿದೆ.

"ಲಾಡ್ಜು ಹೋದ್ರೆ ಮೊದಲ ಹೊಡೆತ ನನಗೇ ಸಾರ್. ಆದ್ರೂ ಇವತ್ತು ಮುಟ್ಟಲ್ಲ. ಬೊಟ್ಟಿಟ್ಟೋರು ನೀವೇ" ಅಂದಳು.

ಗಿರೀಶ ಹಪ್ಪಳ ಮುರಿಯುತ್ತ ನಕ್ಕ. ಅವನ ನಗುವಿಗೆ ನಾನು ಸೋಲುವುದೇ? ಅವಳು ಹೇಳಿದ್ದೇ ಸರಿ, ನಾನೇ ಹೋಗ್ತೀನಿ ಎಂದೆ. ಮನೆಯಲ್ಲಿ ಬೊಟ್ಟಿಲ್ಲದೆ ಉಳಿದದ್ದು ಅಡುಗೆಮನೆಯ ಇಕ್ಕಳ ಒಂದೇ. ಅದನ್ನೇ ಹಿಡಿದು ಸ್ಕೂಟರು ಹತ್ತಿದೆ. ದಾರಿಯಲ್ಲಿ ಮಲವಗೊಪ್ಪ ದಾಟುವಾಗಲೂ ನನ್ನ ಹಟವೇ ಸರಿ ಅನ್ನಿಸುತ್ತಿತ್ತು, ಈಗಲೂ ಅನ್ನಿಸುತ್ತದೆ. ಲಾಡ್ಜಿನ ಮ್ಯಾನೇಜರು ಇಕ್ಕಳವನ್ನೂ ನನ್ನನ್ನೂ ನೋಡಿ, "ನೀವು ಪರ್ಮನೆಂಟಾ, ಟೆಂಪರರಿನಾ?" ಎಂದ.

"ಓನರ್ರು" ಎಂದೆ ಎದೆಯುಬ್ಬಿಸಿ.

"ಹಾಗಾದ್ರೆ ಕೆಲಸ ಬರೋರನ್ನ ಕಳಿಸಿ ಮಾರಾಯ್ರೆ" ಎಂದ.